ಬೆರಳಿಗೆ ತಿರುಗಿದ ಬೋಲ್ಟು

ಜಯನಗರದ ಆ ಹಾಸ್ಟೆಲಿನ ಊಟದ ಮನೆಗೆ ಗೋಡೆಗಳಿರಲಿಲ್ಲ. ಹದಿನಾರು ಕಂಬಗಳು, ಅವುಗಳ ಮೇಲೆ ಮೂರು ಮಹಡಿ, ಮಹಡಿಗಳಲ್ಲಿ ಕೆಲಸಕ್ಕೆ ಹೋಗುವ ಅರವತ್ತನಾಲ್ಕು ಹೆಂಗಸರು. ಕೆಳಗೆ ಒಂದು ಬದಿಗೆ ಸ್ಕೂಟರು, ಸೈಕಲ್ಲುಗಳು ನಿಲ್ಲುತ್ತಿದ್ದವು. ಉಳಿದ ಜಾಗದಲ್ಲಿ ಚಾಪೆ ಹಾಸಿ, ಎರಡು ಸಾಲು ಎದುರುಬದುರಾಗಿ ಕೂತು ಊಟ. ಸುತ್ತ ಹೊಂಗೆ ಮರಗಳಿದ್ದವು. ಹೂ ಬಿಡುವ ಕಾಲಕ್ಕೆ ಗಾಳಿ ಬೀಸಿದರೆ ನೆಲದ ತುಂಬ ಕಡಲೆಪುರಿ ಚೆಲ್ಲಿದ ಹಾಗಾಗುತ್ತಿತ್ತು. ಒಂದೆರಡು ಹೂ ತಟ್ಟೆಗೂ ಬೀಳುತ್ತಿದ್ದವು. ಅದನ್ನು ಬೆರಳ ತುದಿಯಿಂದ ತೆಗೆದು ಬದಿಗಿಟ್ಟು ಊಟ ಮುಂದುವರಿಸುವುದು ಅಲ್ಲಿಯವರ ಅಭ್ಯಾಸ.

ಎರಡು ಸಾವಿರದ ಒಂದನೇ ಇಸವಿಯ ಜನವರಿಯಲ್ಲಿ ಗುಜರಾತಿನಲ್ಲಿ ಭೂಮಿ ಅದುರಿತು. ಅದೇ ವಾರ ನಮ್ಮ ಊರಿನಲ್ಲೂ ಒಮ್ಮೆ ಸಣ್ಣಗೆ ನಡುಗಿತು. ನಮ್ಮ ಬೀದಿಯಲ್ಲಿ ಪಾತ್ರೆ ಅಲುಗಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಪತ್ರಿಕೆಗಳಲ್ಲಿ ಬಂದ ಚಿತ್ರಗಳನ್ನು ಎಲ್ಲರೂ ನೋಡಿದ್ದರು. ಕೆಳಗೆ ಬರೀ ಕಂಬಗಳಿದ್ದ ಕಟ್ಟಡಗಳು ಮಂಡಿಯೂರಿದಂತೆ ಕೂತುಬಿಟ್ಟಿದ್ದವು. ಮೇಲಿನ ಮಹಡಿಗಳು ಒಣಹಾಕಿದ ಬಟ್ಟೆಯ ಸಮೇತ ಹಾಗೇ ಇದ್ದವು. ಫೆಬ್ರವರಿಯ ಮೊದಲ ಸೋಮವಾರ ಹಾಸ್ಟೆಲಿನ ವಾರ್ಡನ್ ಅಂಥದೊಂದು ಚಿತ್ರವನ್ನು ಕತ್ತರಿಸಿ ತಂದು ನನ್ನ ಮೇಜಿನ ಮೇಲಿಟ್ಟರು.

"ಇದು ನಮ್ದೇ ಅಲ್ವಾ ಸಾರ್?"

"ಅಲ್ಲಮ್ಮ. ಇದು ಗುಜರಾತು."

"ಊರು ಬಿಡಿ ಸಾರ್. ಕಂಬ ನೋಡಿ."

ನೋಡಿದೆ. ಅವರು ಹೇಳಿದ್ದು ಸರಿಯಾಗಿತ್ತು.

ಹಾಸ್ಟೆಲ್ ನಡೆಸುವ ಟ್ರಸ್ಟಿನ ಕಮಿಟಿ ಸೇರಿ ನಿರ್ಧಾರ ಮಾಡಿತ್ತಂತೆ. ಜೂನ್ ಒಂದರೊಳಗೆ ಕಟ್ಟಡ ಭದ್ರ ಎಂದು ಇಂಜಿನಿಯರ್ ಬರೆದುಕೊಟ್ಟರೆ ಹಾಸ್ಟೆಲ್ ಮುಂದುವರಿಯುತ್ತದೆ, ಇಲ್ಲದಿದ್ದರೆ ಬೀಗ. "ಕಮಿಟಿಯವ್ರಿಗೇನು, ಬೀಗ ಜೇಬಲ್ಲಿಟ್ಕೊಂಡು ಮನೆಗೆ ಹೋಗ್ತಾರೆ," ಎಂದರು ವಾರ್ಡನ್. "ಈ ಅರವತ್ನಾಲ್ಕು ಜನ ಎಲ್ಲಿಗೆ ಹೋಗ್ಬೇಕು? ಒಂಟಿ ಹೆಂಗಸು ಅಂದ್ರೆ ಈ ಊರಲ್ಲಿ ಮನೆ ಕೊಡೋಕೆ ಮುಂಚೆ ನೂರು ಪ್ರಶ್ನೆ ಕೇಳ್ತಾರೆ. ನೀವು ನಮ್ಮ ಪರವಾಗಿ ಬರೀಬೇಕು ಅಂತ ಕೇಳ್ತಿಲ್ಲ ಸಾರ್. ನಿಜವಾಗ್ಲೂ ಭದ್ರ ಮಾಡಿ, ಆಮೇಲೆ ಬರೀರಿ."

ನಾನು ಕ್ಯಾಲೆಂಡರ್ ನೋಡಿ ವಾರಗಳನ್ನು ಎಣಿಸಿದೆ. ಹದಿನಾರು ವಾರಗಳಿದ್ದವು. ಒಪ್ಪಿಕೊಂಡೆ.

ನನ್ನ ಆಫೀಸು ಜೆ.ಪಿ. ನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ. ಎರಡು ಮೇಜು, ಒಂದು ಕಂಪ್ಯೂಟರು, ನಕ್ಷೆ ಸುತ್ತಿಡುವ ತಗಡಿನ ಡಬ್ಬಗಳು. ಎಂಟೂವರೆಗೆ ಬಾಗಿಲು ತೆಗೆಯುವುದು. ಒಂಬತ್ತೂವರೆಯವರೆಗೆ ಫೋನ್ ಎತ್ತುವುದಿಲ್ಲ. ಹಿಂದಿನ ದಿನ ಕಂಪ್ಯೂಟರ್ ಹೇಳಿದ್ದನ್ನು ಪೆನ್ಸಿಲಿನಲ್ಲಿ ಪರೀಕ್ಷಿಸುವ ಹೊತ್ತು ಅದು. ಒಂದೂವರೆಗೆ ಊಟ, ನಂತರ ಕುರ್ಚಿಯಲ್ಲೇ ಇಪ್ಪತ್ತು ನಿಮಿಷ ನಿದ್ದೆ. ಕಂಪ್ಯೂಟರಿನ ಕೆಲಸ ನನ್ನ ಸಹಾಯಕ ಇಂಜಿನಿಯರ್ ನೋಡಿಕೊಳ್ಳುತ್ತಿದ್ದಳು. ಬಾಗಲಕೋಟೆ ಕಡೆಯ ಹುಡುಗಿ, ಬಿ.ಟಿ.ಎಂ. ಲೇಔಟಿನಲ್ಲಿ ಇಬ್ಬರು ಗೆಳತಿಯರ ಜೊತೆ ಬಾಡಿಗೆಗಿದ್ದಳು. ನೂರು ಪ್ರಶ್ನೆಗಳ ಮಾತು ಕೇಳಿ ಅವಳು ಮಾನಿಟರಿನ ಹಿಂದೆ ನಕ್ಕಿದ್ದು ನನಗೆ ಕಾಣಿಸಿತು.

"ನೂರಲ್ರಿ ಮೇಡಂ," ಎಂದಳು. "ನಮ್ಮ ಓನರ್ ಆಂಟಿ ನೂರಾ ಹನ್ನೊಂದು ಕೇಳ್ಯಾರ. ನಾ ಎಣಿಸೀನಿ."

ಕಟ್ಟಡದ ಮೂಲ ನಕ್ಷೆಗಳು ಕಳೆದುಹೋಗಿದ್ದವು. ಆದ್ದರಿಂದ ಮೊದಲ ಎರಡು ವಾರ ಬರೀ ಅಳತೆ. ಕಂಬಗಳು ಒಂಬತ್ತು ಇಂಚು ಅಗಲ, ಹದಿನೆಂಟು ಇಂಚು ಉದ್ದ. ಎರಡು ಕಂಬಗಳ ನಡುವೆ ಹದಿನೈದು ಅಡಿ. ನೆಲದಿಂದ ತೊಲೆಗೆ ಹನ್ನೊಂದು ಅಡಿ. ಮೂರು ಕಡೆ ಗಿಲಾವು ಕೆತ್ತಿ ಒಳಗಿನ ಕಂಬಿ ನೋಡಿದೆವು. ಉದ್ದುದ್ದ ಕಂಬಿಗಳು ಪರವಾಗಿರಲಿಲ್ಲ. ಅವುಗಳನ್ನು ಸುತ್ತಿ ಹಿಡಿಯುವ ರಿಂಗುಗಳು ಮಾತ್ರ ತೆಳ್ಳಗೆ, ಒಂಬತ್ತು ಇಂಚಿಗೊಂದು. ಭಾರ ಹೊರಲು ಅಷ್ಟು ಸಾಕು. ಪಕ್ಕಕ್ಕೆ ಅಲುಗಿದಾಗ ಸಾಲದು.

ಇಂಥ ಕಡೆ ಮಾಡುವ ಉಪಾಯವೆಂದರೆ ಕಂಬ ಮತ್ತು ತೊಲೆಗಳ ಚೌಕಟ್ಟಿನೊಳಗೆ ಉಕ್ಕಿನ ಕಾಲುಗಳನ್ನು ಓರೆಯಾಗಿ ಕೂಡಿಸುವುದು. ನಾವು ಅದನ್ನು ಬ್ರೇಸ್ ಎನ್ನುತ್ತೇವೆ. ಖಾಲಿ ಚೌಕ ಒತ್ತಿದರೆ ವಾಲುತ್ತದೆ. ಮೂಲೆಗೆ ಓರೆ ಕಡ್ಡಿ ಇದ್ದರೆ ವಾಲುವುದಿಲ್ಲ. ಮಂಚ, ಬಾಗಿಲು ಮಾಡುವ ಬಡಗಿಗಳಿಗೂ ಗೊತ್ತಿರುವ ವಿಷಯ. ಗುಣಿಸು ಚಿಹ್ನೆಯಂತೆ ಎರಡು ಬ್ರೇಸ್ ಹಾಕುವುದು ಎಲ್ಲಕ್ಕಿಂತ ಸುಲಭ. ಅದನ್ನು ನಾನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ತೋರಿಸಿದೆ. ವಾರ್ಡನ್ ಒಪ್ಪಲಿಲ್ಲ.

"ಸಾರ್, ಬಡಿಸೋರು ಬಕೆಟ್ ಹಿಡ್ಕೊಂಡು ಇಲ್ಲೇ ನಡುವೆ ಬರೋದು. ಇಲ್ಲಿ ಕಬ್ಬಿಣ ಅಡ್ಡ ಇದ್ರೆ ಹುಳಿ ಯಾರ ತಲೆ ಮೇಲೆ ಹೋಗತ್ತೋ ದೇವ್ರಿಗೇ ಗೊತ್ತು."

ಅಡುಗೆಮನೆ ಹಿಂದಿತ್ತು, ಬೇರೆ ದಾರಿ ಇರಲಿಲ್ಲ. ಬಡಿಸುವವರೊಬ್ಬರನ್ನು ಕರೆದು, ಎರಡೂ ಕೈಗೆ ತುಂಬಿದ ಬಕೆಟ್ ಕೊಟ್ಟು ನಿಲ್ಲಿಸಿ ಟೇಪು ಹಿಡಿದೆ. ಮೂರು ಅಡಿ ಎರಡು ಇಂಚು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಗುಣಿಸು ಚಿಹ್ನೆ ಬಿಟ್ಟು ಗುಡಾರದ ಬಾಗಿಲಿನ ಆಕಾರ ತೆಗೆದುಕೊಂಡೆ. ಎರಡು ಕಾಲುಗಳು ಕಂಬಗಳ ಬುಡದಿಂದ ಹೊರಟು ಮೇಲೆ ತೊಲೆಯ ನಡುಭಾಗದಲ್ಲಿ ಕೂಡುತ್ತವೆ. ಕೆಳಗಿನಿಂದ ಜನ ಓಡಾಡಬಹುದು. ಒಂದು ಕಾಲು ಬಾಗಿದರೆ ಇನ್ನೊಂದು ತೊಲೆಯನ್ನು ಕೆಳಗೆ ಜಗ್ಗುತ್ತದೆ, ಅದು ಈ ಆಕಾರದ ಕಷ್ಟ. ಅದಕ್ಕಾಗಿ ಎರಡೆರಡು ಚಾನೆಲ್, ಅಂದರೆ ಮೂರು ಮಗ್ಗುಲಿನ ಉಕ್ಕಿನ ಪಟ್ಟಿಗಳನ್ನು, ಜೋಡಿಸಿ, ಬಾಗದಷ್ಟು ದಪ್ಪ ಮಾಡುವುದೆಂದು ಗೊತ್ತುಮಾಡಿದೆ. ನಾಲ್ಕು ಕಂಬಗಳ ಒಂದು ಚೌಕದ ಸುತ್ತ, ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು, ಒಟ್ಟು ನಾಲ್ಕು ಗುಡಾರಗಳು.

ಮಾರ್ಚಿನಲ್ಲಿ ಕಂಪ್ಯೂಟರಿನೊಳಗೆ ಕಟ್ಟಡದ ಮಾದರಿ ತಯಾರಾಯಿತು. ಕಪ್ಪು ಪರದೆಯ ಮೇಲೆ ಹಸಿರು ಗೆರೆಗಳು. ಒಂದೊಂದು ಗೆರೆಗೂ ನಾವು ಅಳೆದ ಅಗಲ, ಉದ್ದ, ಕಾಂಕ್ರೀಟಿನ ಗಟ್ಟಿತನ ಕೊಟ್ಟಿದ್ದೆವು. ಮೊದಲು ಬ್ರೇಸ್ ಇಲ್ಲದೆ ಅಲುಗಿಸಿ ನೋಡಿದೆವು. ಆ ಕಂಪ್ಯೂಟರಿನಲ್ಲಿ ಅಲುಗಾಟವನ್ನು ನೂರು ಪಟ್ಟು ಹೆಚ್ಚಿಸಿ, ನಿಧಾನಗೊಳಿಸಿ ತೋರಿಸುವ ಸೌಕರ್ಯವಿತ್ತು. ಮೇಲಿನ ಮೂರು ಮಹಡಿ ಒಂದು ಪೆಟ್ಟಿಗೆಯಂತೆ ಒಟ್ಟಿಗೆ ಆ ಕಡೆ ಹೋಗುತ್ತಿತ್ತು, ಈ ಕಡೆ ಬರುತ್ತಿತ್ತು. ಕೆಳಗಿನ ಕಂಬಗಳು ಮಾತ್ರ ನೀರಿನಲ್ಲಿ ನಿಂತ ದಂಟುಗಳಂತೆ ಬಾಗುತ್ತಿದ್ದವು. ಶಬ್ದವೇ ಇರಲಿಲ್ಲ.

"ತೊಟ್ಲ ತೂಗಿದಂಗ ಆಗ್ತದ್ರಿ ಸರ್," ಎಂದಳು ಸಹಾಯಕಿ.

ಅವತ್ತು ಮಧ್ಯಾಹ್ನದ ಇಪ್ಪತ್ತು ನಿಮಿಷದಲ್ಲಿ ನನಗೆ ಆ ಊಟದ ಮನೆ ಕನಸಿನಲ್ಲಿ ಬಂತು. ಪಂಕ್ತಿ ನಡೆದಿತ್ತು. ಕಂಬಗಳು ಆ ಕಡೆ ಈ ಕಡೆ ಬಾಗುತ್ತಿದ್ದವು, ತಟ್ಟೆಯಲ್ಲಿ ಹುಳಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯುತ್ತಿತ್ತು, ಯಾರಿಗೂ ಗಾಬರಿ ಇರಲಿಲ್ಲ. ಬಡಿಸುವವರು ದೋಣಿಯಲ್ಲಿ ನಡೆಯುವವರಂತೆ ಕಾಲು ಅಗಲಿಸಿ ನಡೆಯುತ್ತಿದ್ದರು. ಎಚ್ಚರವಾದಾಗ ಫ್ಯಾನ್ ತಿರುಗುತ್ತಿತ್ತು. ಗಡಿಯಾರ ನೋಡಿದೆ. ಇಪ್ಪತ್ತೆರಡು ನಿಮಿಷ ಆಗಿತ್ತು.

ಅದಾದ ಮೇಲೆ ಬೆಳಗಿನ ವಾಕಿಂಗಿನಲ್ಲೂ ಅದೇ ಕೆಲಸ. ಐದೂವರೆಗೆ ಹೊರಟು ಬನಶಂಕರಿ ಕಡೆಗೆ ಹೋಗಿ ತಿರುಗುತ್ತಿದ್ದೆ. ಮಂಜಿನಲ್ಲಿ ಮನೆಗಳೆಲ್ಲ ಅಷ್ಟಷ್ಟೇ ಅಲುಗುತ್ತಿರುವಂತೆ, ಉಸಿರಾಡುತ್ತಿರುವಂತೆ ಕಾಣುತ್ತಿದ್ದವು. ಗಟ್ಟಿ ಎಂದು ನಾವು ಅಂದುಕೊಳ್ಳುವುದೆಲ್ಲ ಸ್ವಲ್ಪ ಸ್ವಲ್ಪ ಓಲಾಡುತ್ತಲೇ ಇರುತ್ತದೆ. ನಮ್ಮ ಕಣ್ಣಿಗೆ ನೂರು ಪಟ್ಟು ಹೆಚ್ಚಿಸುವ ಸೌಕರ್ಯ ಇಲ್ಲ, ಅಷ್ಟೆ.

ಬ್ರೇಸ್‌ಗಳನ್ನು ಸೇರಿಸಿದ ಮೇಲೆ ಮಾದರಿ ಸುಮ್ಮನಾಯಿತು. ತೊಟ್ಟಿಲು ನಿಂತಿತು. ಕಂಬಗಳ ಮೇಲಿನ ಒತ್ತಡ ಇಳಿಯಿತು. ಒಂದು ಕಂಬ ಎಷ್ಟು ಹೊರಬಲ್ಲದೋ ಅದನ್ನು ಒಂದು ಎಂದಿಟ್ಟುಕೊಂಡರೆ, ಎಲ್ಲಕ್ಕಿಂತ ಹೆಚ್ಚು ಹೊತ್ತ ಕಂಬಕ್ಕೂ ಸೊನ್ನೆ ಬಿಂದು ಒಂಬತ್ತು ನಾಲ್ಕು ಬಂತು. ಒಂದಕ್ಕಿಂತ ಕಡಿಮೆ, ಆದ್ದರಿಂದ ಪಾಸು.

ಮಾದರಿಗಳನ್ನು ಪರೀಕ್ಷಿಸಲು ನನ್ನ ಬಳಿ ಹತ್ತು ಅಂಶಗಳ ಒಂದು ಪಟ್ಟಿ ಇತ್ತು. ಉದ್ದನೆಯ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ವರ್ಷಗಳಿಂದ ಅಂಟಿಸಿಟ್ಟಿದ್ದು. ಕಟ್ಟಡದ ಒಟ್ಟು ತೂಕವೂ ಪಾಯಗಳಿಗೆ ಇಳಿದ ಭಾರವೂ ಒಂದೇ ಆಗಿದೆಯೆ? ಎಡಕ್ಕೆ ತಳ್ಳಿದರೆ ಎಡಕ್ಕೇ ಸರಿಯುತ್ತಿದೆಯೆ? ಹೀಗೆ ಹತ್ತು. ಒಂದೊಂದನ್ನೂ ಕೈಲೆಕ್ಕದಿಂದ ನೋಡಿ ಎದುರಿಗೆ ಗುರುತು ಹಾಕುವುದು ಕ್ರಮ. ಏಪ್ರಿಲ್ ಮೊದಲ ವಾರ ಹತ್ತಕ್ಕೂ ಗುರುತು ಬಿತ್ತು. ಟ್ರಸ್ಟಿಗೆ ಪತ್ರ ಬರೆದೆ. ನಾಲ್ಕು ಕಡೆ ಬ್ರೇಸ್ ಹಾಕಿದರೆ ಸಾಕು, ಕಂಬಗಳನ್ನು ಮುಟ್ಟಬೇಕಾಗಿಲ್ಲ, ಹಾಸ್ಟೆಲ್ ಮುಚ್ಚುವ ಅಗತ್ಯವಿಲ್ಲ, ಕೆಲಸ ಮುಗಿದ ದಿನ ಪ್ರಮಾಣಪತ್ರ ಕೊಡುತ್ತೇನೆ ಎಂದಿತ್ತು. ವಾರ್ಡನ್ ಅದರ ಒಂದು ಪ್ರತಿಯನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿದರು.

ಬ್ರೇಸ್‌ಗಳು ವಿಲ್ಸನ್ ಗಾರ್ಡನ್ನಿನ ಒಂದು ಶೆಡ್ಡಿನಲ್ಲಿ ತಯಾರಾದವು. ಕೂಡಿಸಲು ಬಂದವರು ಸಿದ್ದಾಪುರದ ಒಬ್ಬ ಮೇಸ್ತ್ರಿ. ಐವತ್ತು ದಾಟಿದವರು, ಕಿವಿಯ ಹಿಂದೆ ಸದಾ ಸೀಮೆಸುಣ್ಣದ ತುಂಡು. ಅವರು ಟೇಪನ್ನು ಎರಡು ಸಲ ಹಿಡಿಯದೆ ಒಂದು ತೂತು ಕೊರೆದವರಲ್ಲ. ತೊಲೆಯ ಕೆಳಗೆ ದಪ್ಪ ಪ್ಲೇಟು ಕೂಡಿಸಿ, ಕಾಂಕ್ರೀಟಿಗೆ ಬೋಲ್ಟು ಇಳಿಸಿ ಅಂಟು ತುಂಬಿ ಮೂರು ದಿನ ಬಿಟ್ಟರು. ನಾಲ್ಕನೇ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಮೊದಲ ಗುಡಾರದ ಕಾಲುಗಳು ಮೇಲೆದ್ದವು. ನಾನೂ ಸಹಾಯಕಿಯೂ ಅಲ್ಲಿದ್ದೆವು. ವಾರ್ಡನ್ ಒಂದು ತೆಂಗಿನಕಾಯಿ ಹಿಡಿದುಕೊಂಡು ನಿಂತಿದ್ದರು.

ಮೇಸ್ತ್ರಿ ಏಣಿಯ ಮೇಲಿನಿಂದ ಪ್ಲೇಟಿನ ತೂತಿಗೂ ಬ್ರೇಸಿನ ತೂತಿಗೂ ಕಣ್ಣಿಟ್ಟು ನೋಡಿ, ಬೋಲ್ಟನ್ನು ಒಳಗೆ ದೂಡಿದರು. ಸುತ್ತಿಗೆ ಬೇಕಾಗಲಿಲ್ಲ. ಎರಡು ಬೆರಳಲ್ಲಿ ಹಿಡಿದು ಗಿರಗಿರನೆ ತಿರುಗಿಸಿ ತೋರಿಸಿದರು.

"ಮಕ್ಖನ್ ಸಾರ್, ಬೆಣ್ಣೆ! ಹೆಂಗೆ ಹೋಯ್ತು ನೋಡಿ. ಮೇಲೆ ಮೂರು ಮಹಡಿ ಐತೆ, ಇದಕ್ಕೆ ಗೊತ್ತೇ ಇಲ್ಲ, ಪಾಪ."

ಎಲ್ಲರೂ ನಕ್ಕರು. ವಾರ್ಡನ್ ಕಾಯಿ ಒಡೆದರು. ನಾನು ಏಣಿ ಹತ್ತಿದೆ. ಮೇಸ್ತ್ರಿಯ ಅಳತೆಯನ್ನು ಮೆಚ್ಚಿಕೊಳ್ಳಬೇಕು ಎಂದೇ ಹತ್ತಿದ್ದು. ಬೋಲ್ಟನ್ನು ಬೆರಳಿನಲ್ಲಿ ಹಿಡಿದೆ. ತಿರುಗಿತು. ಇನ್ನೊಮ್ಮೆ ತಿರುಗಿಸಿದೆ. ಹೊಂಗೆ ಹೂವು ಒಂದು ಬಂದು ಪ್ಲೇಟಿನ ಮೇಲೆ ಕೂತಿತು. ಆ ಹೂವಿನಷ್ಟೂ ಭಾರ ಆ ಬ್ರೇಸಿನ ಮೇಲೆ ಇರಲಿಲ್ಲ.

ಕೆಳಗಿಳಿದೆ. ಮೇಸ್ತ್ರಿಗೆ, "ಬೋಲ್ಟು ಬಿಗಿ ಮಾಡಿ, ವೆಲ್ಡಿಂಗ್ ಮಾತ್ರ ಬೇಡ, ನಾಳೆ ಹೇಳ್ತೀನಿ" ಎಂದೆ.

"ಯಾಕ್ ಸಾರ್, ಅಳತೆ ತಪ್ಪಾಯ್ತಾ?"

"ನಿಮ್ಮದಲ್ಲ ಮೇಸ್ತ್ರಿ."

ಸಹಾಯಕಿಯೊಂದಿಗೆ ಆಟೋ ಹತ್ತಿದೆ. ಆಫೀಸಿಗೆ ಬಂದು ಹೇಳಿದೆ: ಭೂಕಂಪ ಬಿಟ್ಟುಬಿಡು, ಕಟ್ಟಡ ಸುಮ್ಮನೆ ನಿಂತಿರುವಾಗ, ತನ್ನ ಸ್ವಂತ ತೂಕ ಮಾತ್ರ ಇರುವಾಗ, ಆ ಬ್ರೇಸಿನಲ್ಲಿ ಎಷ್ಟು ಭಾರ ಇದೆ ಅಂತ ಮಾದರಿ ಹೇಳತ್ತೆ, ತೆಗಿ. ಪ್ರಿಂಟರ್ ಕಿರುಗುಟ್ಟಿ ಒಂದು ಹಾಳೆ ಕೊಟ್ಟಿತು. ಒಂದೊಂದು ಕಾಲಿಗೆ ಏಳು ಟನ್.

ಏಳು ಟನ್ ಹೊತ್ತ ಬೋಲ್ಟು ಬೆರಳಿಗೆ ತಿರುಗುವುದಿಲ್ಲ.

ತಪ್ಪು ಏನೆಂದು ಇಲ್ಲಿ ಸ್ಪಷ್ಟವಾಗಿ ಬರೆಯುತ್ತೇನೆ. ಕಂಪ್ಯೂಟರಿಗೆ ಕಾಲದ ಹಿಂದುಮುಂದು ತಿಳಿಯದು. ಕಂಬ, ತೊಲೆ, ಬ್ರೇಸ್ ಎಲ್ಲವನ್ನೂ ಒಂದೇ ಕ್ಷಣದಲ್ಲಿ ಹುಟ್ಟಿದವು ಎಂದು ತಿಳಿದು, ಆಮೇಲೆ ತೂಕ ಹೊರಿಸಿ, ಎಲ್ಲರಿಗೂ ಪಾಲು ಹಂಚುತ್ತದೆ. ಹಾಗಾಗಿ ತೊಲೆಯ ನಡುವಿಗೆ ಆಸರೆ ಕೊಟ್ಟ ಬ್ರೇಸಿಗೂ ಒಂದು ಪಾಲು ಬಂತು. ಅಷ್ಟರಮಟ್ಟಿಗೆ ಕಂಬಗಳು ಹಗುರವಾದಂತೆ ಕಂಡವು. ನಿಜದಲ್ಲಿ ಕಟ್ಟಡ ಇಪ್ಪತ್ತು ವರ್ಷದಿಂದ ನಿಂತಿದೆ. ಅದರ ತೂಕವನ್ನೆಲ್ಲ ಕಂಬಗಳು ಆಗಲೇ ಹೊತ್ತು, ಅದಕ್ಕೆ ಒಗ್ಗಿಹೋಗಿವೆ. ಬ್ರೇಸ್ ಬಂದದ್ದು ಈ ಬೆಳಗ್ಗೆ. ಊಟ ಮುಗಿದ ಮೇಲೆ ಬಂದ ನೆಂಟನಂತೆ ಅದು ಬರಿಗೈಯಲ್ಲಿ ನಿಂತಿದೆ. ಹಳೆಯ ಭಾರದಲ್ಲಿ ಅದಕ್ಕೆ ಪಾಲಿಲ್ಲ. ಭೂಮಿ ಅಲುಗಿದಾಗ ಬರುವ ಹೊಸ ಭಾರದಲ್ಲಿ ಮಾತ್ರ ಪಾಲು.

ನನ್ನ ಹತ್ತು ಅಂಶಗಳು ಯಾಕೆ ಹಿಡಿಯಲಿಲ್ಲ? ಬ್ರೇಸಿನ ಬುಡವೂ ಕಂಬದ ಬುಡವೂ ಒಂದೇ ಪಾಯಕ್ಕೆ ಇಳಿಯುತ್ತಿದ್ದವು, ಆದ್ದರಿಂದ ಪಾಯದಲ್ಲಿ ಕೂಡಿಸಿದರೆ ಲೆಕ್ಕ ಸರಿಯಾಗೇ ಬರುತ್ತಿತ್ತು. ಎಡವಟ್ಟು ಇದ್ದದ್ದು ಪಾಯಕ್ಕೂ ತೊಲೆಗೂ ನಡುವಿನ ಹನ್ನೊಂದು ಅಡಿಯಲ್ಲಿ. ಇನ್ನೊಂದು ಕಾರಣವನ್ನೂ ಹೇಳಬೇಕು. ನಾನು ಅಷ್ಟು ವರ್ಷ ಮಾಡಿದ್ದೆಲ್ಲ ಹೊಸ ಕಟ್ಟಡಗಳು. ಹೊಸ ಕಟ್ಟಡದಲ್ಲಿ ಎಲ್ಲವೂ ಒಟ್ಟಿಗೇ ಹುಟ್ಟುತ್ತವೆ. ಮೊದಲು ಯಾರು, ಆಮೇಲೆ ಯಾರು ಎಂದು ಕೇಳುವ ಸಂದರ್ಭವೇ ನನ್ನ ಪಟ್ಟಿಗೆ ಬಂದಿರಲಿಲ್ಲ.

ಸಹಾಯಕಿ ಹಾಳೆಯನ್ನೇ ನೋಡುತ್ತಿದ್ದಳು.

"ಸರ್, ಒಂದು ಮಾತು ಹೇಳ್ಲೇನ್ರಿ? ಬೈಬ್ಯಾಡ್ರಿ."

"ಹೇಳು."

"ಇದು ನಂಗ ಮೊದ್ಲ ಕಂಡಿತ್ರಿ. ಹಾಕೋಕ ಮುಂಚೇನ ಏಳು ಟನ್ ಎಲ್ಲಿಂದ ಬಂತು ಅನಿಸ್ತು. ಆದ್ರ ನೀವು ಹತ್ತಕ್ಕೂ ರೈಟ್ ಹಾಕಿದ್ರಲ್ರಿ. ಪಟ್ಟಿಯೊಳಗ ಇಲ್ಲದ್ದು ಏನು ಕೇಳೂದು ಅಂತ ಸುಮ್ನಾದ್ನಿ."

ನಾನು ಬೈಯಲಿಲ್ಲ. ಬೈಯುವುದಿದ್ದರೆ ಯಾರನ್ನು ಎಂಬುದು ಗೊತ್ತಿತ್ತು. ಗುರುತುಗಳಿಂದ ತುಂಬಿದ ಒಂದು ಪುಟ ಎದುರಿಗಿದ್ದರೆ ಪ್ರಶ್ನೆ ಕೇಳುವವರ ಬಾಯಿ ಕಟ್ಟುತ್ತದೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಮಾರನೆಯ ದಿನ ಎಂಟೂವರೆಗೆ ಶುರು ಮಾಡಿದೆವು. ಒಂದರ ಬದಲು ಎರಡು ಮಾದರಿ. ಮೊದಲನೆಯದರಲ್ಲಿ ಬ್ರೇಸ್ ಇಲ್ಲ, ತೂಕ ಮಾತ್ರ: ಹಳೆಯ ಇಪ್ಪತ್ತು ವರ್ಷ. ಎರಡನೆಯದರಲ್ಲಿ ಬ್ರೇಸ್ ಇದೆ, ತೂಕವಿಲ್ಲ, ಭೂಕಂಪದ ತಳ್ಳುವಿಕೆ ಮಾತ್ರ: ಬರಬಹುದಾದ ಅರ್ಧ ನಿಮಿಷ. ಎರಡರ ಫಲಿತಾಂಶವನ್ನೂ ಕಂಬಕ್ಕೆ ಕಂಬ, ನಾನು ಪೆನ್ಸಿಲಿನಲ್ಲಿ ಕೂಡಿಸುತ್ತ ಹೋದೆ. ಅವಳು ಓದುವಳು, ನಾನು ಬರೆಯುವೆನು. ಹನ್ನೆರಡು ಕಂಬಗಳು ಒಂದರೊಳಗೇ ಉಳಿದವು. ಬ್ರೇಸಿಗೆ ತಗುಲಿದ ನಾಲ್ಕು ಕಂಬಗಳು ಒಂದು ಬಿಂದು ಸೊನ್ನೆ ಏಳಕ್ಕೆ ಹೋದವು. ಫೇಲು.

ನೂರಕ್ಕೆ ಏಳು. ಇದೇನು ಮಹಾ ಎಂದು ಯಾರಾದರೂ ಕೇಳಬಹುದು. ಆ ದಿನ ನಾನೇ ಕೇಳಿಕೊಂಡೆ. ಬೆಂಗಳೂರು ಹೆಚ್ಚು ಅದುರುವ ಊರಲ್ಲ. ಕಾಂಕ್ರೀಟಿನ, ಉಕ್ಕಿನ ಬಲವನ್ನು ನಾವು ಮೊದಲೇ ಸ್ವಲ್ಪ ಕಡಿಮೆ ಹಿಡಿದಿರುತ್ತೇವೆ. ಬ್ರೇಸ್ ಹಾಕಿದ ಮೇಲೆ ಕಟ್ಟಡ ಮೊದಲಿಗಿಂತ ಎಷ್ಟೋ ಭದ್ರ, ಅದು ಸುಳ್ಳಲ್ಲ. ಪತ್ರ ಆಗಲೇ ನೋಟಿಸ್ ಬೋರ್ಡಿನಲ್ಲಿತ್ತು. ಅಲ್ಲಿ ಅದನ್ನು ಓದಿ ಮುಂದಿನ ವರ್ಷಕ್ಕೆ ಹೆಸರು ಬರೆಸಿದವರಿದ್ದರು. ಹಿಂದಕ್ಕೆ ತೆಗೆದರೆ ಕಮಿಟಿ ಬೀಗ ಹಾಕುವ ಸಂಭವವೇ ಹೆಚ್ಚು.

ಇನ್ನೊಂದು ದಾರಿಯೂ ಕಂಡಿತು, ಅದು ಇನ್ನೂ ಆಸೆ ಹುಟ್ಟಿಸುವಂಥದ್ದು. ಜಾಕ್ ಇಟ್ಟು ತೊಲೆಯನ್ನು ಸ್ವಲ್ಪ ಮೇಲೆತ್ತಿ, ಆ ಸಂದಿಯಲ್ಲಿ ಬ್ರೇಸನ್ನು ಬಿಗಿದು, ಜಾಕ್ ಇಳಿಸಿದರೆ ಏಳು ಟನ್ ನಿಜವಾಗಿಯೂ ಬ್ರೇಸಿನ ಮೇಲೆ ಬರುತ್ತದೆ. ಅಂದರೆ ಮಾದರಿಯನ್ನು ತಿದ್ದುವ ಬದಲು ಕಟ್ಟಡವನ್ನೇ ಮಾದರಿಗೆ ಹೊಂದಿಸುವುದು. ಎರಡು ದಿನ ಆ ಲೆಕ್ಕ ಮಾಡಿದೆ. ಆದರೆ ಹಳೆಯ ತೊಲೆಯ ನಡುಭಾಗದಲ್ಲಿ ಮೇಲಿನ ಕಂಬಿ ತೀರ ತೆಳು. ಕೆಳಗಿನಿಂದ ಎತ್ತಿದರೆ ಮೇಲೆ ಬಿರುಕು ಬಿಡುತ್ತದೆ. ಇಪ್ಪತ್ತು ವರ್ಷ ಕೆಳಗೆ ಬಾಗಲು ಕಲಿತ ತೊಲೆಗೆ ಒಂದು ಮಧ್ಯಾಹ್ನದಲ್ಲಿ ಮೇಲೆ ಬಾಗು ಎನ್ನುವುದು ಸರಿಯಲ್ಲ. ಆ ಹಾಳೆಗಳ ಮೇಲೆ ಅಡ್ಡಗೆರೆ ಎಳೆದೆ.

ಉಳಿದದ್ದು ಆ ನಾಲ್ಕು ಕಂಬಗಳಿಗೆ ಜಾಕೆಟ್ ಹಾಕುವುದು: ಸುತ್ತ ಹೊಸ ಕಂಬಿ, ಒತ್ತೊತ್ತಾಗಿ ರಿಂಗು, ನಾಲ್ಕು ಇಂಚು ಹೊಸ ಕಾಂಕ್ರೀಟು. ಅದನ್ನು ಹೇಳಿ ಮುಗಿಸುವ ಮೊದಲೇ ಸಹಾಯಕಿ ತಲೆ ಎತ್ತಿದಳು.

"ಸರ್, ಜಾಕೆಟ್ಟೂ ಹೊಸದ ಅಲ್ರಿ? ಅದಕ್ಕೂ ಹಳೇ ಭಾರ ಗೊತ್ತಿರೂದಿಲ್ಲಲ್ರಿ."

ಈ ಸಲ ಅವಳು ಪಟ್ಟಿಗೆ ಕಾಯಲಿಲ್ಲ. ಹಳೆಯ ಭಾರಕ್ಕೆ ಹಳೆಯ ಕಂಬ, ಹೊಸದಕ್ಕೆ ಜಾಕೆಟ್ ಸಮೇತ ಕಂಬ ಎಂದು ಬೇರೆಬೇರೆಯಾಗಿ ಲೆಕ್ಕ ಹಾಕಿದೆವು. ಪಾಸಾಯಿತು. ಅದೇ ಸಂಜೆ ಕಮಿಟಿಯ ಕಾರ್ಯದರ್ಶಿಯವರಿಗೆ ಫೋನ್ ಮಾಡಿ ಬೆಳಗ್ಗೆ ಹತ್ತಕ್ಕೆ ಹಾಸ್ಟೆಲಿಗೆ ಬರುವಂತೆ ಕೇಳಿಕೊಂಡೆ.

ಕಾರ್ಯದರ್ಶಿ ಬ್ಯಾಂಕಿನಿಂದ ನಿವೃತ್ತರಾದವರು. ಮಾತು ಕಡಿಮೆ. ಊಟದ ಮನೆಯಲ್ಲಿ ಎರಡು ಕುರ್ಚಿ ಹಾಕಿದ್ದರು. ನಾನು ನಿಂತೇ ಹೇಳಿದೆ. ಏಪ್ರಿಲಿನಲ್ಲಿ ಕೊಟ್ಟ ಪತ್ರ ತಪ್ಪು, ಅದನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ, ಕಾರಣ ಇದು. ಹೊಸ ಪತ್ರವನ್ನು ಅವರ ಕೈಗೆ ಕೊಟ್ಟೆ.

ಅವರು ಎರಡು ಸಲ ಓದಿದರು. "ನೀವೇ ಬರ್ದಿದ್ರಿ, ಈಗ ನೀವೇ ತಪ್ಪು ಅಂತಿದ್ದೀರಿ. ಇದು ಸರಿ ಅಂತ ಹೆಂಗೆ ನಂಬೋದು?"

ನ್ಯಾಯವಾದ ಪ್ರಶ್ನೆ. ನಾನು ಮೇಸ್ತ್ರಿಯನ್ನು ಕರೆದೆ. ಇನ್ನೂ ವೆಲ್ಡಿಂಗ್ ಆಗದ ಬ್ರೇಸಿನ ಬೋಲ್ಟನ್ನು ಸ್ಪಾನರಿನಿಂದ ಸಡಿಲಿಸಿ, ಕಾರ್ಯದರ್ಶಿಯವರನ್ನು ಏಣಿ ಹತ್ತಿಸಿದೆ. ಪಂಚೆ ಎತ್ತಿ ಕಟ್ಟಿ ಅವರು ನಾಲ್ಕು ಮೆಟ್ಟಿಲು ಹತ್ತಿದರು.

"ತಿರುಗಿಸಿ ನೋಡಿ."

ತಿರುಗಿಸಿದರು.

"ಅದರ ಮೇಲೆ ಏಳು ಟನ್ ಇದೆ ಅಂತ ಲೆಕ್ಕ ಹಿಡಿದು ನಾನು ಬರ್ಕೊಟ್ಟಿದ್ದೆ," ಎಂದೆ.

ಅವರು ಇನ್ನೊಮ್ಮೆ ತಿರುಗಿಸಿದರು. ಇಳಿದು ಬಂದು ಕೈ ಒರೆಸಿಕೊಂಡು, "ಹಾಗಾದ್ರೆ ಮುಚ್ಚೋದೇ," ಎಂದರು. "ಕಂಬ ಕೆತ್ತೋವಾಗ ಕೆಳಗೆ ಊಟ, ಮೇಲೆ ಜನ, ಆಗೋ ಮಾತಲ್ಲ."

ವಾರ್ಡನ್ ಮುಂದೆ ಬಂದರು. ಬೋರ್ಡಿನಿಂದ ಹಳೆಯ ಪತ್ರವನ್ನು ಆಗಲೇ ಕಿತ್ತು ಕೈಯಲ್ಲಿ ಮಡಚಿ ಹಿಡಿದಿದ್ದರು. "ಸಾರ್, ಒಂದು ಕೇಳ್ತೀನಿ. ನಾಲ್ಕೂ ಒಟ್ಟಿಗೇ ಕೆತ್ತಬೇಕಾ?"

"ಒಟ್ಟಿಗೆ ಕೆತ್ತಲೇಬಾರದು. ಒಂದು ಸಲಕ್ಕೆ ಎರಡು, ಅದೂ ಎದುರುಬದುರಿನ ಮೂಲೆಯವು. ಸುತ್ತ ಕಬ್ಬಿಣದ ಜಾಕಿ ಆಸರೆ ಕೊಟ್ಟು ತೊಲೆ ಹಿಡ್ಕೊಂಡಿರಬೇಕು."

"ಎರಡು ಕಂಬಕ್ಕೆ ಎಷ್ಟು ಜಾಗ ಬೇಕು?"

"ಸುತ್ತ ಆರಾರು ಅಡಿ."

ಅವರು ನಡೆದು ಹೆಜ್ಜೆ ಹಾಕಿ ಅಳೆದರು. "ಇಲ್ಲಿಂದ ಅಲ್ಲಿಗೆ ಟಾರ್ಪಾಲ್ ಕಟ್ಟಿ. ಸ್ಕೂಟರ್ ಎಲ್ಲ ರಸ್ತೆಗೆ. ಊಟ ಆ ಕಡೆ, ಎರಡು ಪಂಕ್ತಿ ಬದ್ಲು ಒಂದೊಂದೇ ಪಂಕ್ತಿ, ಮೂರು ಸಲ ಹಾಕ್ತೀನಿ. ಬೆಳಗ್ಗೆ ಏಳೂವರೆಗೆ ಮೊದಲನೇದು, ಎಂಟೂಕಾಲಿಗೆ ಕೊನೇದು. ಒಂಬತ್ತರಿಂದ ಐದೂವರೆ ಇವ್ರು ಯಾರೂ ಕಟ್ಟಡದಲ್ಲೇ ಇರಲ್ಲ, ಎಲ್ಲ ಡ್ಯೂಟಿ. ಕೆತ್ತೋದು ಆ ಟೈಮಲ್ಲಿ ಮಾತ್ರ. ಭಾನುವಾರ ಬೇಡ. ಆಯ್ತಾ ಮೇಸ್ತ್ರಿ?"

"ನಂಗೆ ಆಯ್ತು ಅಕ್ಕ. ಸಾರ್‌ಗೆ ಆಗಬೇಕು."

ಎಲ್ಲರೂ ನನ್ನ ಕಡೆ ನೋಡಿದರು. ಜಾಕಿಗಳ ಮೇಲಿರುವಾಗ ಜನ ಮೇಲೆ ಮಲಗಬಹುದೇ ಎಂಬುದೊಂದೇ ಪ್ರಶ್ನೆ ಉಳಿದಿತ್ತು. ಹೌದು ಎನ್ನಲು ನಾಲಿಗೆ ಸಿದ್ಧವಿತ್ತು. "ನಾಳೆ ಲೆಕ್ಕ ಮಾಡಿ ಹೇಳ್ತೀನಿ," ಎಂದೆ. ಮಾರನೆಯ ದಿನ ಒಂಬತ್ತೂವರೆಗೆ ಮುಂಚೆ ಲೆಕ್ಕ ಮುಗಿಯಿತು. ಆ ಎರಡು ಕಂಬಗಳ ನೇರಕ್ಕಿರುವ ಕೋಣೆಗಳನ್ನು ಖಾಲಿ ಮಾಡಿ ಮಂಚ, ಬೀರುಗಳನ್ನು ಇನ್ನೊಂದು ಬದಿಗೆ ಸರಿಸಿದರೆ ಆಗುತ್ತದೆ. ಹದಿನೆಂಟು ಹೆಂಗಸರು ಬೇರೆಯವರ ಕೋಣೆಗಳಲ್ಲಿ ನೆಲದ ಮೇಲೆ ಹಾಸಿಗೆ ಹಾಕಿಕೊಂಡರು. ಯಾರೂ ಬಿಟ್ಟು ಹೋಗಲಿಲ್ಲ.

ಮೇ ತಿಂಗಳು ಪೂರ್ತಿ ಹೀಗೆ ಸಾಗಿತು. ಒಂಬತ್ತಕ್ಕೆ ಕೊನೆಯ ಚಪ್ಪಲಿ ಗೇಟು ದಾಟಿದ ಮೇಲೆ ಮೇಸ್ತ್ರಿ ಗಿಲಾವಿಗೆ ಉಳಿ ಹಿಡಿಯುವರು. ಕಂಬದ ಬುಡ ಅಗೆದು ಹೊಸ ಕಂಬಿಯನ್ನು ಪಾಯಕ್ಕೆ ಇಳಿಸಿ, ಮೇಲೆ ತೊಲೆಯ ಪಕ್ಕಕ್ಕೆ ಮೋಲ್ಡಿನಲ್ಲಿ, ಅಂದರೆ ಕಾಂಕ್ರೀಟ್ ಚಾವಣಿಯಲ್ಲಿ, ತೂತು ಕೊರೆದು ದಾಟಿಸಿದರು. ಕಾಂಕ್ರೀಟು ತುಂಬಿ, ಗೋಣಿಚೀಲ ಸುತ್ತಿ, ದಿನಕ್ಕೆ ನಾಲ್ಕು ಸಲ ನೀರು. ಸಂಜೆ ಬಂದ ಹೆಂಗಸರೂ ಒಂದೊಂದು ಚೊಂಬು ಹಾಕಿ ಮೇಲೆ ಹೋಗುತ್ತಿದ್ದರು, ತುಳಸಿಗೆ ಹಾಕಿದ ಹಾಗೆ. ಒದ್ದೆ ಗೋಣಿಯ ವಾಸನೆ, ಒಗ್ಗರಣೆಯ ವಾಸನೆ, ಟಾರ್ಪಾಲಿನಿಂದ ಸೋಸಿ ಬರುವ ನೀಲಿ ಬೆಳಕು. ಆ ಬೆಳಕಿನಲ್ಲಿ ಊಟಕ್ಕೆ ಕೂತವರು ಕೊಳದ ತಳದಲ್ಲಿ ಕೂತವರಂತೆ ಕಾಣುತ್ತಿದ್ದರು. ನಾನು ಎರಡು ಸಲ ಅಲ್ಲೇ ಊಟ ಮಾಡಿದೆ. ಓದುವ ಕಾಲದಲ್ಲಿ ಗಂಟೆ ಬಾರಿಸಿದರೆ ತಟ್ಟೆ ಹಿಡಿದು ಓಡುತ್ತಿದ್ದ ಇನ್ನೊಂದು ಹಾಸ್ಟೆಲಿನ ಪಂಕ್ತಿ ನೆನಪಾಯಿತು. ಅಲ್ಲಿಯ ಕಂಬಗಳನ್ನು ಒಮ್ಮೆಯೂ ನೋಡಿರಲಿಲ್ಲ.

ಮೇ ಇಪ್ಪತ್ತೊಂಬತ್ತಕ್ಕೆ ಕೊನೆಯ ಜಾಕಿ ತೆಗೆದೆವು. ಮೂವತ್ತಕ್ಕೆ ಬ್ರೇಸುಗಳ ವೆಲ್ಡಿಂಗ್ ಮುಗಿಯಿತು. ಮೂವತ್ತೊಂದರ ಬೆಳಗ್ಗೆ ನಾನು ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದು ಆಫೀಸಿನಲ್ಲಲ್ಲ, ಆ ಊಟದ ಮನೆಯಲ್ಲಿ. ಅದಕ್ಕೂ ಮುಂಚೆ ನೋಟ್‌ಬುಕ್ಕಿನ ಮೊದಲ ಪುಟದ ಕೊನೆಯಲ್ಲಿ ಹನ್ನೊಂದನೆಯ ಅಂಶ ಬರೆಸಿದ್ದೆ, ಸಹಾಯಕಿಯ ಕೈಯಿಂದಲೇ: "ಇವುಗಳಲ್ಲಿ ಯಾವುದು ಮೊದಲು ಬಂತು?" ಅದರ ಕೆಳಗೆ ಅವಳು ಒಂದು ಸಾಲು ಖಾಲಿ ಬಿಟ್ಟಳು. ಯಾಕೆ ಎಂದೆ. "ಇರ್ಲಿ ಬಿಡ್ರಿ ಸರ್, ಹನ್ನೆರಡನೇದು ಎಲ್ಲಿ ಕೂತದೋ ಯಾರಿಗೆ ಗೊತ್ತು," ಎಂದಳು.

ಮಳೆಗಾಲದಲ್ಲಿ ಒಮ್ಮೆ ಜಾಕೆಟ್ ಹಾಕಿದ ಕಂಬಗಳಲ್ಲಿ ಕೂದಲೆಳೆ ಬಿರುಕು ಏನಾದರೂ ಬಿಟ್ಟಿದೆಯೇ ನೋಡಲು ಹೋದೆ. ಸಂಜೆ ಐದು ಮುಕ್ಕಾಲು. ಹೆಂಗಸರು ಒಬ್ಬೊಬ್ಬರಾಗಿ ಕೆಲಸದಿಂದ ಬರುತ್ತಿದ್ದರು. ಬಿರುಕು ಇರಲಿಲ್ಲ. ಬ್ರೇಸಿಗೆ ಬೂದು ಬಣ್ಣ ಹಚ್ಚಿದ್ದರು. ಅದರ ಒಂದು ಕಾಲಿಗೆ, ಚಾನೆಲ್ಲುಗಳನ್ನು ಜೋಡಿಸುವ ಪಟ್ಟಿಯಲ್ಲಿ, ಸಾಲಾಗಿ ಒದ್ದೆ ಛತ್ರಿಗಳು ನೇತಾಡುತ್ತಿದ್ದವು. ನೀರು ತೊಟ್ಟಿಕ್ಕುತ್ತಿತ್ತು. ನಾನು ಎಣಿಸುತ್ತಿರುವುದನ್ನು ವಾರ್ಡನ್ ನೋಡಿದರು.

"ಬಯ್ಯಬೇಡಿ ಸಾರ್. ಎಷ್ಟು ಹೇಳಿದ್ರೂ ಅಲ್ಲೇ ಹಾಕ್ತಾರೆ. ಬೋರ್ಡ್ ಬರೆಸಿ ಹಾಕ್ಲಾ, ಇಲ್ಲಿ ಏನೂ ನೇತು ಹಾಕಬಾರದು ಅಂತ?"

ಒಂಬತ್ತು ಛತ್ರಿ, ಒಂದು ಟಿಫನ್ ಕ್ಯಾರಿಯರಿನ ಚೀಲ.

"ಬೇಡಮ್ಮ," ಎಂದೆ. "ಅಷ್ಟು ಹೊರಲಿ."